ನಾವು ಕಂಡ ಆ ದಿನಗಳು

(ನಮ್ಮ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



"ಹಳೇ ಕಾಲದ ಬಗ್ಗೆ ನಾಲ್ಕು ಮಾತಾಡಿ" ಎಂದು ಕಾರ್ಯದರ್ಶಿಗಳು ಕೇಳಿಕೊಂಡರು. ಊಟಕ್ಕೆ ಹೊತ್ತಾಗುತ್ತೆ, ಜಾಸ್ತಿ ಎಳೀಬೇಡಿ ಎಂದೂ ಸೇರಿಸಿದರು. ವಯಸ್ಸಾದವರಿಗೆ ಮೈಕು ಕೊಟ್ಟು ಬೇಗ ಮುಗಿಸಿ ಅಂದರೆ ಕಷ್ಟವೇ. ಆದರೂ ಪ್ರಯತ್ನ ಮಾಡುತ್ತೇವೆ. 'ನಾವು' ಎಂದು ಹೇಳುತ್ತಿರುವುದು ದೊಡ್ಡಸ್ತಿಕೆಗಲ್ಲ. ಈಗ ಎಪ್ಪತ್ತರ ಆಜುಬಾಜಿನಲ್ಲಿರುವ, 1960ರ ಸುಮಾರಿಗೆ ಈ ಊರಿನ ಶಾಲೆಗೆ ಸೇರಿದ ನಮ್ಮ ಓರಗೆಯವರೆಲ್ಲರ ಪರವಾಗಿ ಮಾತಾಡುತ್ತಿದ್ದೇವೆ. ಆ ಪೈಕಿ ಕೆಲವರು ಇಲ್ಲಿ ಕೂತಿದ್ದಾರೆ. ಕೆಲವರು ಈಗಿಲ್ಲ. ಕೆಲವರು ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಅವರ ಮಾತೂ ಇದರಲ್ಲಿ ಬರಬೇಕು.

ಹಾಲು ಮಾರದ ಊರು

ಇವತ್ತು ಹಾಲಿನ ಸಂಘದ ಹಬ್ಬ. ಆದರೆ ನಾವು ಹುಡುಗರಾಗಿದ್ದಾಗ ಈ ಊರಲ್ಲಿ ಹಾಲು ಮಾರುತ್ತಿರಲಿಲ್ಲ ಎಂದರೆ ಈ ಮಕ್ಕಳು ನಂಬೋದಿಲ್ಲ. "ಹಾಲು ಮಾರಿದರೆ ಕೊಟ್ಟಿಗೆ ಬತ್ತುತ್ತೆ" ಎನ್ನುವುದು ನಮ್ಮ ಅಜ್ಜಿಯರ ಮಾತು. ಮನೆಯಲ್ಲಿ ಇದ್ದದ್ದು ಹಳ್ಳೀಕಾರ್ ಹಸು. ಅದು ಉಳುಮೆಗೆ, ಗಾಡಿಗೆ ಎತ್ತು ಹೆತ್ತುಕೊಡುವ ತಳಿ, ಹಾಲಿಗೆ ಹೆಸರಾದದ್ದಲ್ಲ. ಕರು ಕುಡಿದು ಮಿಕ್ಕಿದ್ದು ಒಂದೆರಡು ಸೇರು. ಅದಕ್ಕೆ ಹೆಪ್ಪು ಹಾಕಿ, ಬೆಳಗಿನ ಜಾವ ಕಂಬಕ್ಕೆ ಹಗ್ಗ ಕಟ್ಟಿ ಕಡೆಗೋಲಿನಲ್ಲಿ ಕಡೆಯುತ್ತಿದ್ದರು. ಆ ಸದ್ದಿಗೇ ನಮಗೆ ಎಚ್ಚರ ಆಗುತ್ತಿತ್ತು. ಬೆಣ್ಣೆ ತೆಗೆಯುವ ಹೊತ್ತಿಗೆ ಅಜ್ಜಿಯ ಮುಂದೆ ಕೈ ಚಾಚಿ ಕೂತರೆ ಗೋಲಿ ಗಾತ್ರದ ಬೆಣ್ಣೆ ಸಿಗುತ್ತಿತ್ತು. ಅದಕ್ಕಿಂತ ದೊಡ್ಡದು ಸಿಗುತ್ತಿರಲಿಲ್ಲ, ಯಾಕಂದರೆ ಬೆಣ್ಣೆ ಸಂತೆಗೆ ಹೋಗಬೇಕಿತ್ತು. ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆ ಎಲ್ಲ ಅದರ ದುಡ್ಡಿನಲ್ಲೇ ಬರಬೇಕಿತ್ತು.

ಮಜ್ಜಿಗೆಗೆ ಮಾತ್ರ ಬೆಲೆ ಇರಲಿಲ್ಲ. ಕರಾವು ಇಲ್ಲದ ಮನೆಯವರು ಚೊಂಬು ಹಿಡಿದು ಬರುತ್ತಿದ್ದರು. ಬಂದವರನ್ನು ಬರಿಗೈಲಿ ಕಳಿಸಬಾರದು ಎಂಬುದು ನಿಯಮ. ಆ ಚೊಂಬುಗಳಲ್ಲಿ ಕೆಲವು ಹಿತ್ತಲ ಬಾಗಿಲ ಹೊರಗೇ ನಿಲ್ಲುತ್ತಿದ್ದವು, ಮಜ್ಜಿಗೆಯನ್ನು ಮೇಲಿನಿಂದ ಎತ್ತಿ ಹೊಯ್ಯುತ್ತಿದ್ದರು. ಅದು ಯಾಕೆ ಹಾಗೆ ಎಂದು ನಾವು ಆಗ ಕೇಳಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇವೆ.

ಸೇರು, ಪಾವು, ಆಣೆ

ನಮ್ಮ ಲೆಕ್ಕವೇ ಬೇರೆ ಇತ್ತು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ರೂಪಾಯಿಗೆ ಹದಿನಾರು ಆಣೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ ಎಂದು ಸರ್ಕಾರ ಮಾಡಿತು. ನಾವು ಶಾಲೆಗೆ ಸೇರಿದಾಗ ಮೇಷ್ಟ್ರು ಕಲಿಸಿದ್ದು ನಯಾಪೈಸೆ, ಮನೆಯಲ್ಲಿ ಅಜ್ಜ ಎಣಿಸುತ್ತಿದ್ದದ್ದು ಆಣೆ. ನಾಲ್ಕಾಣೆಗೆ ಇಪ್ಪತ್ತೈದು ಪೈಸೆ ಸರಿ, ಎಂಟಾಣೆಗೆ ಐವತ್ತು ಸರಿ, ಆದರೆ ಒಂದಾಣೆಗೆ ಆರೂಕಾಲು ಪೈಸೆ! ಆ ಕಾಲು ಪೈಸೆ ಯಾರ ಜೇಬಿಗೆ ಹೋಯಿತು ಎಂದು ಅಜ್ಜ ಸಾಯುವ ತನಕ ಕೇಳುತ್ತಿದ್ದರು. ಸಂತೆಗೆ ಹೋಗಿ ಬರುವ ನಾವು ಉತ್ತರ ಹೇಳುತ್ತಿರಲಿಲ್ಲ, ಏಕೆಂದರೆ ಹುರಿಗಡಲೆ ಅಂಗಡಿಯವನಿಗೂ ನಮಗೂ ಆ ಲೆಕ್ಕದಲ್ಲಿ ಒಂದು ಒಪ್ಪಂದ ಇತ್ತು.

ಲೀಟರು, ಕಿಲೋ ಕಾನೂನಿನಲ್ಲಿ ಬಂದ ಮೇಲೂ ಕಣದಲ್ಲಿ ಕೊಳಗವೇ ನಡೆಯಿತು. ಅಳೆಯುವವರು ಮೊದಲನೆಯದನ್ನು 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಆ ಲಾಭ ಯಾರ ಮನೆಗೆ ಹೋಗುತ್ತಿತ್ತು ಎಂಬುದು ಕೊಳಗ ಯಾರ ಕೈಲಿದೆ ಎಂಬುದರ ಮೇಲೆ ನಿಂತಿತ್ತು. ಸಾಲ ಕೊಡುವಾಗ ಒಂದು ಸೇರು, ವಸೂಲಿಗೆ ಇನ್ನೊಂದು ಸೇರು ಇಟ್ಟುಕೊಂಡಿದ್ದ ಮನೆಗಳೂ ಇದ್ದವು. ಇವತ್ತು ನಮ್ಮ ಸಂಘದ ತೂಕದ ಯಂತ್ರದಲ್ಲಿ ಎಲ್ಲರ ಕಣ್ಣೆದುರಿಗೆ ಅಂಕಿ ಬೀಳುತ್ತದಲ್ಲ, ಅದರ ಬೆಲೆ ಆ ಎರಡು ಸೇರುಗಳನ್ನು ಕಂಡವರಿಗೇ ಗೊತ್ತು.

ಸ್ಲೇಟು ಬಳಪದ ಶಾಲೆ

ಶಾಲೆ ಎಂದರೆ ದೇವಸ್ಥಾನದ ಪಕ್ಕದ ಒಂದು ಕೊಠಡಿ, ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಸ್ಲೇಟು ಒರೆಸಲು ಬೇಲಿ ಮೇಲಿನ ಎಲೆಯ ರಸ. ಮಗ್ಗಿ ಇಪ್ಪತ್ತರ ತನಕ ಬಾಯಿಪಾಠ ಬರಬೇಕು. ಬರದಿದ್ದರೆ ಹುಣಸೆ ಬರಲು, ಅದನ್ನು ಕಿತ್ತು ತರುವುದಕ್ಕೂ ನಮ್ಮನ್ನೇ ಕಳಿಸುತ್ತಿದ್ದರು. ಮುರಿಯುವಂಥ ಒಣ ಬರಲನ್ನು ಹುಡುಕಿ ತರುವುದರಲ್ಲಿ ನಮ್ಮ ಜಾಣತನವೆಲ್ಲ ಖರ್ಚಾಗುತ್ತಿತ್ತು.

ಮಧ್ಯಾಹ್ನ ಕೇರ್ ಸಂಸ್ಥೆಯ ಉಪ್ಪಿಟ್ಟು ಮತ್ತು ಹಾಲು. ಗೋಧಿ ರವೆ, ಹಾಲಿನ ಪುಡಿ ಎರಡೂ ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದವು. ಹಂಡೆಯಲ್ಲಿ ನೀರು ಕಾಯಿಸಿ ಪುಡಿ ಕದಡುತ್ತಿದ್ದರು. ಗಂಟು ಸಿಕ್ಕವನು ಪುಣ್ಯವಂತ. ಹಸು ಸಾಕುವ ಊರಿನ ಮಕ್ಕಳು ಸಮುದ್ರದಾಚೆಯ ಹಾಲು ಕುಡಿಯುತ್ತಿದ್ದೆವು, ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. 2013ರಲ್ಲಿ ಕ್ಷೀರಭಾಗ್ಯ ಯೋಜನೆ ಶುರುವಾಗಿ ಕರ್ನಾಟಕದ ಶಾಲೆಗಳಲ್ಲಿ ನಮ್ಮದೇ ರೈತರ ಹಾಲಿನ ಪುಡಿಯಿಂದ ಮಕ್ಕಳಿಗೆ ಹಾಲು ಕೊಟ್ಟಾಗ, ಮೊಮ್ಮಗ ಬಂದು "ಇವತ್ತು ಇಸ್ಕೂಲಲ್ಲಿ ಹಾಲು ಕೊಟ್ರು ತಾತ" ಎಂದ. ನಮಗೆ ಆ ಹಂಡೆಯೇ ಕಣ್ಣ ಮುಂದೆ ಬಂತು.

ಬಿಟ್ಟ ಮೇಲೆ ಆಟ. ಚಿನ್ನಿದಾಂಡು, ಬುಗುರಿ, ಲಗೋರಿ, ಮರಕೋತಿ. ಹೆಣ್ಣುಮಕ್ಕಳಿಗೆ ಕುಂಟೆಬಿಲ್ಲೆ, ಅಳಿಗುಳಿ ಮನೆ. ಕೆರೆಯಲ್ಲಿ ಈಜು ಕಲಿಯಲು ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರು. ಸಂಜೆ ಪಂಚಾಯ್ತಿ ಕಟ್ಟೆಯ ರೇಡಿಯೋ ಮುಂದೆ ದೊಡ್ಡವರು ಬೆಂಗಳೂರು ಆಕಾಶವಾಣಿಯ ರೈತರ ಕಾರ್ಯಕ್ರಮ ಕೇಳುತ್ತಿದ್ದರು, ನಾವು ಆ ಪೆಟ್ಟಿಗೆಯೊಳಗೆ ಎಷ್ಟು ಜನ ಇದ್ದಾರು ಎಂದು ಲೆಕ್ಕ ಹಾಕುತ್ತಿದ್ದೆವು. ಟೆಂಟ್ ಸಿನಿಮಾಕ್ಕೆ ಗಾಡಿ ಕಟ್ಟಿಕೊಂಡು ಹೋಗುವ ಸಂಭ್ರಮ ಬೇರೆ. 1972ರಲ್ಲಿ 'ಬಂಗಾರದ ಮನುಷ್ಯ' ಬಂದಾಗ ಮೂರು ಗಾಡಿ ಹೋದವು. ವಾಪಸು ಬರುವಾಗ ಯಾರೂ ಮಾತಾಡಲಿಲ್ಲ. ಮಾರನೇ ದಿನ ನಮ್ಮಲ್ಲಿ ಇಬ್ಬರು, ಅಪ್ಪ ಹೇಳದೇ ಇದ್ದರೂ ನೇಗಿಲು ಹಿಡಿದರು. ಒಂದು ವಾರ ಹಿಡಿದರು, ಅದು ಬೇರೆ ವಿಷಯ.

ಮುಯ್ಯಾಳು

ಸಹಕಾರ ಎಂಬ ಪದ ನಮಗೆ ಆಗ ಗೊತ್ತಿರಲಿಲ್ಲ. ಮುಯ್ಯಾಳು ಗೊತ್ತಿತ್ತು. ಇವತ್ತು ನಿಮ್ಮ ಹೊಲದ ರಾಗಿ ಕುಯ್ಲಿಗೆ ನಮ್ಮ ಮನೆಯ ಇಬ್ಬರು, ನಾಳಿದ್ದು ನಮ್ಮ ಹೊಲಕ್ಕೆ ನಿಮ್ಮ ಮನೆಯ ಇಬ್ಬರು. ಕೂಲಿ ಇಲ್ಲ, ಊಟ ಉಂಟು. ಬಾವಿ ತೋಡಲು, ಮನೆಗೆ ಹುಲ್ಲು ಹೊದಿಸಲು, ಕೆರೆ ಹೂಳೆತ್ತಲು ಎಲ್ಲಕ್ಕೂ ಇದೇ ರೀತಿ. ಒಬ್ಬರ ಎತ್ತು ಸತ್ತರೆ ಇನ್ನೊಬ್ಬರ ಎತ್ತು ಜೊತೆ ಮಾಡಿ ಉಳುತ್ತಿದ್ದರು.

ಎತ್ತು ಸಾಯುವುದೂ ಹೆಚ್ಚೇ ಇತ್ತು. ದೊಡ್ಡರೋಗ ಎಂದು ಕರೆಯುತ್ತಿದ್ದ ರೋಗ ಬಂದರೆ ಒಂದು ಕೇರಿಯ ದನಗಳೇ ಹೋಗಿಬಿಡುತ್ತಿದ್ದವು. ಬಾಯಿಹುಣ್ಣು, ಭೇದಿ, ನಾಲ್ಕಾರು ದಿನದಲ್ಲಿ ಮುಗಿಯಿತು. ಊರಮ್ಮನಿಗೆ ಹರಕೆ ಹೊರುತ್ತಿದ್ದರು. ಆಮೇಲೆ ದನದ ಡಾಕ್ಟರು ಸೂಜಿ ಹಿಡಿದು ಬಂದರು, ದನ ಹಿಡಿದುಕೊಡಲು ಜನ ಹೆದರಿದರು, ಬರಬರುತ್ತ ಹಿಡಿದುಕೊಟ್ಟರು. 2011ರಲ್ಲಿ ಆ ರೋಗ ಇಡೀ ಪ್ರಪಂಚದಿಂದಲೇ ಹೋಯಿತು ಎಂದು ಘೋಷಿಸಿದರು. ಹಳೇ ಕಾಲ ಚೆನ್ನಾಗಿತ್ತು ಎನ್ನುವಾಗ ನಾವು ಇದನ್ನೂ ನೆನಪಿಡಬೇಕು.

ಹಗೇವು ತೆಗೆದ ವರ್ಷ

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. 1965ರಲ್ಲಿ ಮಳೆ ಕೈಕೊಟ್ಟಿತು. ಆರಿದ್ರೆಗೆ ಬಿತ್ತಿದ ರಾಗಿ ಗೇಣುದ್ದಕ್ಕೇ ಸುರುಟಿಹೋಯಿತು. ದೇಶಕ್ಕೇ ಬರ. ಸೋಮವಾರ ಒಂದು ಹೊತ್ತು ಊಟ ಬಿಡಿ ಎಂದು ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ಕೇಳಿಕೊಂಡಿದ್ದ ಕಾಲ. ಮೇಷ್ಟ್ರು ಅದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಸಾಲಿನ ಹುಡುಗ, "ನಮ್ಮನೇಲಿ ದಿನಾ ಸೋಮವಾರನೇ ಸಾ" ಎಂದ. ಯಾರೂ ನಗಲಿಲ್ಲ.

ಮರುವರ್ಷ ಬೇಸಿಗೆಗೆ ಊರಲ್ಲಿ ಹಗೇವು ತೆಗೆಯುವ ಮಾತಾಯಿತು. ಈಗಿನ ಮಕ್ಕಳು ಹಗೇವು ನೋಡಿಲ್ಲ. ನೆಲದೊಳಗೆ ಗುಡಾಣದ ಆಕಾರದಲ್ಲಿ ತೋಡಿದ ಗುಂಡಿ. ಬಾಯಿ ಚಿಕ್ಕದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಗಾಳಿ ಇಲ್ಲದಿದ್ದರೆ ಹುಳ ಬದುಕೋದಿಲ್ಲ. ಆದರೆ ಅಲ್ಲಿ ಮನುಷ್ಯನೂ ಬದುಕೋದಿಲ್ಲ. ಕಾಳು ಉಸಿರಾಡಿ ಬಿಟ್ಟ ಕೆಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆ. ಅದಕ್ಕೇ ಬಾಯಿ ತೆಗೆದು ಒಂದು ದಿನ ಬಿಟ್ಟು, ಲಾಟೀನನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು. ಆತುರಪಟ್ಟು ಇಳಿದು ಸತ್ತವರ ಕಥೆ ಎಲ್ಲ ಊರಲ್ಲೂ ಇತ್ತು.

ನಮ್ಮ ಮನೆಯ ಹಗೇವು ಅಜ್ಜನ ಕಾಲದಲ್ಲಿ ತುಂಬಿದ್ದು. ಅದಕ್ಕೆ ಇಳಿದದ್ದು ಯಾರು ಗೊತ್ತೇ? ನಮ್ಮದೇ ವಯಸ್ಸಿನ ಒಬ್ಬ ಹುಡುಗ, ಕೇರಿಯವನು. ನಮ್ಮ ಮನೆಯಲ್ಲೇ ಜೀತಕ್ಕಿದ್ದ. ಅವನ ಅಕ್ಕನ ಮದುವೆಗೆ ಅವರಪ್ಪ ನಮ್ಮ ಅಜ್ಜನ ಹತ್ತಿರ ಇನ್ನೂರು ರೂಪಾಯಿ ತಂದಿದ್ದರು. ಅದಕ್ಕೆ ಮಗ ಎಂಟನೇ ವಯಸ್ಸಿಗೆ ನಮ್ಮ ಕೊಟ್ಟಿಗೆಗೆ ಬಂದ. ನಾವು ಸ್ಲೇಟು ಹಿಡಿದು ಶಾಲೆಗೆ ಹೊರಟರೆ ಅವನು ದನ ಹೊಡೆದುಕೊಂಡು ಕೆರೆಯ ಹಿಂದಕ್ಕೆ ಹೊರಡುತ್ತಿದ್ದ. ಇಬ್ಬರ ವಯಸ್ಸೂ ಒಂದೇ. ನಾವು ಅವನನ್ನು ಏಕವಚನದಲ್ಲಿ ಕರೆಯಬೇಕು, ಅವನು ನಮ್ಮನ್ನು 'ಅಯ್ಯ' ಎನ್ನಬೇಕು. ಹಾಗಂತ ಯಾರೂ ಹೇಳಿಕೊಡಲಿಲ್ಲ, ಗಾಳಿಯಲ್ಲೇ ಇತ್ತು.

ಮೈ ಸಣ್ಣದು, ಸಲೀಸಾಗಿ ಇಳೀತಾನೆ ಎಂದು ಅವನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಲಾಟೀನು ಆರಿರಲಿಲ್ಲ, ಆದರೆ ಚೆನ್ನಾಗಿ ಉರಿಯುತ್ತಲೂ ಇರಲಿಲ್ಲ. ಮಂಕರಿ ಮಂಕರಿ ರಾಗಿ ತುಂಬಿ ಕೊಟ್ಟ. ಏಳನೆಯದೋ ಎಂಟನೆಯದೋ ಮಂಕರಿಗೆ ಹಗ್ಗ ಸಡಿಲಾಯಿತು, ಕೂಗಿದರೆ ಉತ್ತರ ಇಲ್ಲ. ಎಳೆದು ಮೇಲೆ ಹಾಕಿದಾಗ ಕಣ್ಣು ಮೇಲಾಗಿತ್ತು. ನೀರು ಚಿಮುಕಿಸಿ, ಬೀಸಿ, ಎಷ್ಟೋ ಹೊತ್ತಿನ ಮೇಲೆ ಉಸಿರು ಸರಿಯಾಯಿತು. ಅಜ್ಜಿ ಒಂದು ಚೊಂಬು ಮಜ್ಜಿಗೆ ಕೊಟ್ಟರು. ಅವನ ಕೈಗೆ ಮೇಲಿನಿಂದ ಎತ್ತಿ ಹೊಯ್ದೇ ಕೊಟ್ಟರು.

ಆ ರಾಗಿಯನ್ನು ಊರೆಲ್ಲ ಹಂಚಿಕೊಂಡೆವು. ಕೆಲವರಿಗೆ ಸಾಲವಾಗಿ, ಕೆಲವರಿಗೆ ಹಾಗೆಯೇ. ನಮ್ಮ ಅಜ್ಜನನ್ನು ಧರ್ಮಾತ್ಮ ಎಂದು ಈಗಲೂ ನೆನೆಯುವವರಿದ್ದಾರೆ. ಸುಳ್ಳಲ್ಲ, ಆ ವರ್ಷ ಹಸಿದವರಿಗೆ ಕೊಟ್ಟರು. ಇಳಿದವನನ್ನು ನೆನೆದವರು ಕಡಿಮೆ.

ಹೇಳದೇ ಉಳಿದ ಮಾತು

ಹಳೇ ಕಾಲ ಚೆನ್ನಾಗಿತ್ತು ಎಂದು ನಾವು ಕಟ್ಟೆಯ ಮೇಲೆ ಕೂತು ಹೇಳುವಾಗ ಆ ಗೆಳೆಯರು ಎದುರಿಗೆ ಕೂತಿದ್ದರೆ ನಾಲಿಗೆ ತಡೆಯುತ್ತದೆ. ಅಸ್ಪೃಶ್ಯತೆ ಶಿಕ್ಷಾರ್ಹ ಎಂದು 1955ರಲ್ಲೇ ಕಾಯಿದೆ ಆಗಿತ್ತು. ನಮ್ಮೂರ ಬಾವಿಗೆ ಅದು ಬರಲು ಬಹಳ ವರ್ಷ ಹಿಡಿಯಿತು. ಜೀತ ಕಾನೂನುಬಾಹಿರ ಎಂದು ಆದದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ, ಮರುವರ್ಷ ಕಾಯಿದೆಯೂ ಆಯಿತು. ಆಗ ಆ ಗೆಳೆಯರಿಗೆ ಇಪ್ಪತ್ತು ದಾಟಿತ್ತು. ಹನ್ನೆರಡು ವರ್ಷಕ್ಕೂ ಹೆಚ್ಚು ದುಡಿದರೂ ಇನ್ನೂರು ರೂಪಾಯಿ ತೀರಿರಲಿಲ್ಲ! ಮಗ್ಗಿ ಇಪ್ಪತ್ತರ ತನಕ ಬಾಯಿಪಾಠ ಇದ್ದ ನಾವು ಆ ಲೆಕ್ಕವನ್ನು ಒಂದು ದಿನವೂ ಹಾಕಿ ನೋಡಿರಲಿಲ್ಲ.

ನಮ್ಮ ಕಡೆಯಿಂದ ಆದ ಉಪಕಾರ ಒಂದೇ ಒಂದು. ಶನಿವಾರ ಬೆಳಗಿನ ಶಾಲೆ ಮುಗಿಸಿ ಕೆರೆ ಏರಿಗೆ ಹೋದಾಗ ಮರಳಿನ ಮೇಲೆ ಅಕ್ಷರ ಬರೆದು ತೋರಿಸುತ್ತಿದ್ದೆವು. ಅದೂ ಆಟಕ್ಕೆ, ನಾವು ಮೇಷ್ಟ್ರಾಗುವ ಆಸೆಗೆ. ಅವರು ಕಡ್ಡಿಯಲ್ಲಿ ತಿದ್ದಿ ತಿದ್ದಿ ಹೆಸರು ಬರೆಯುವುದು ಕಲಿತರು. ಅಷ್ಟೇ.

ಹೆಣ್ಣುಮಕ್ಕಳ ವಿಷಯವೂ ಹೀಗೇ. ನಮ್ಮ ಜೊತೆ ಒಂದನೇ ತರಗತಿಗೆ ಒಂಬತ್ತು ಹುಡುಗಿಯರು ಸೇರಿದ್ದರು. ನಾಲ್ಕನೇ ತರಗತಿಗೆ ಇಬ್ಬರು ಉಳಿದರು. ಮಗ್ಗಿಯಲ್ಲಿ ನಮಗಿಂತ ಮುಂದಿದ್ದವಳೊಬ್ಬಳು ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲೇ ಉಳಿದಳು. ಆಕೆ ಇವತ್ತಿಗೂ ಹಾಲಿನ ಲೆಕ್ಕವನ್ನು ಬಾಯಲ್ಲೇ ಹಾಕಿ ಕಾರ್ಯದರ್ಶಿಗಳ ತಪ್ಪು ಹಿಡಿಯುತ್ತಾರೆ. ಕಾರ್ಯದರ್ಶಿಗಳು ನಗುತ್ತಿದ್ದಾರೆ, ಯಾರು ಎಂದು ಗೊತ್ತಾಯಿತು.

ಒಂದೇ ಕ್ಯಾನು

ಕರ್ನಾಟಕ ಸಹಕಾರದಲ್ಲಿ ಹಿಂದೆ ಬಿದ್ದ ನಾಡಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಮೊದಲ ಸಂಘಗಳಲ್ಲಿ ಅದೂ ಒಂದು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಹೈನು ಅಭಿವೃದ್ಧಿ ಯೋಜನೆ ಬಂತು, ಗುಜರಾತಿನ ಆಣಂದ್ ಮಾದರಿಯಲ್ಲಿ ಹಳ್ಳಿಹಳ್ಳಿಗೆ ಹಾಲಿನ ಸಂಘಗಳಾದವು. ಪಕ್ಕದ ಊರುಗಳಲ್ಲಿ ಡೇರಿ ಆದರೂ ನಮ್ಮಲ್ಲಿ ತಡವಾಯಿತು. ಅದುವರೆಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಹಾಲಿನವರು ಹೇಳಿದ್ದೇ ಅಳತೆ, ಕೊಟ್ಟಿದ್ದೇ ಬೆಲೆ.

ಯಾಕೆ ತಡವಾಯಿತು? ಹಸು ಇರಲಿಲ್ಲವೆಂದಲ್ಲ. ಇಪ್ಪತ್ತೈದು ವರ್ಷದ ಹಿಂದೆ ಶಾಲೆಯ ಜಗಲಿಯಲ್ಲಿ ಸೇರಿದ ಮೊದಲ ಸಭೆಯನ್ನು ನೋಡಿದವರಿಗೆ ಉತ್ತರ ಗೊತ್ತು. ಎಲ್ಲ ಮಾತಾಯಿತು. ಷೇರು ಹಣ, ಕಟ್ಟಡ, ಯಾರು ಕಾರ್ಯದರ್ಶಿ. ಆಮೇಲೆ ಒಬ್ಬರು ಮೆಲ್ಲಗೆ ಕೇಳಿದರು: "ಕೇರಿಯವರ ಹಾಲನ್ನೂ ಅದೇ ಕ್ಯಾನಿಗೆ ಹುಯ್ಯಬೇಕಾ?" ಇನ್ನೊಬ್ಬರು, "ಎರಡು ಕ್ಯಾನು ಇಟ್ಟರಾಯ್ತು" ಎಂದರು. ಒಕ್ಕೂಟದಿಂದ ಬಂದಿದ್ದ ವಿಸ್ತರಣಾಧಿಕಾರಿ, "ಸಂಘ ಒಂದು, ಬೈಲಾ ಒಂದು, ಕ್ಯಾನೂ ಒಂದೇ. ಶೀತಲ ಕೇಂದ್ರದಲ್ಲಿ ಐವತ್ತು ಊರಿನ ಹಾಲು ಒಂದೇ ತೊಟ್ಟಿಗೆ ಬೀಳುತ್ತೆ" ಎಂದರು. ಸಭೆ ಗಪ್‌ಚಿಪ್. ಸತ್ಯ ಹೇಳಿಬಿಡುತ್ತೇವೆ. ನಾವೂ ಸುಮ್ಮನೆ ಕೂತಿದ್ದೆವು. ಓದಿದವರು, ನಾಲ್ಕು ಜನ ಮಾತು ಕೇಳುವವರು, ತಲೆ ತಗ್ಗಿಸಿ ಕೂತಿದ್ದೆವು. ಕೇರಿಯವರು ಜಗಲಿಯ ಕೆಳಗೆ ನಿಂತಿದ್ದರು, ಅವರಲ್ಲಿ ಆ ಗೆಳೆಯರೂ ಇದ್ದರು.

ಆಗ ಎದ್ದದ್ದು ಒಬ್ಬ ದೊಡ್ಡವ್ವ. ಹೆಂಗಸರು ಸಭೆಯಲ್ಲಿ ಮಾತಾಡುವ ರೂಢಿ ಇರಲಿಲ್ಲ. ಕಂಬ ಹಿಡಿದು ನಿಂತು, "ಅಲ್ಲ ಕಣ್ರಪ್ಪಾ, ಬರ ಬಂದಾಗ ಹಗೇವಿಗೆ ಇಳಿದು ರಾಗಿ ತುಂಬಿಕೊಟ್ಟೋರು ಯಾರು? ಆ ರಾಗಿ ಮುದ್ದೆ ಮಾಡಿ ಉಂಡ್ವಲ್ಲ, ಆಗ ಎಲ್ಲಿಗೆ ಹೋಗಿತ್ತು ನಿಮ್ಮ ಮೈಲಿಗೆ? ಹೊಟ್ಟೆ ಹಸಿದಾಗ ಇಲ್ಲದ್ದು, ಹಾಲಿನ ದುಡ್ಡು ಬರೋವಾಗ ಎಲ್ಲಿಂದ ಬಂತು?" ಎಂದರು. ಅಷ್ಟು ಹೇಳಿ ಕೂತುಬಿಟ್ಟರು.

ಯಾರೂ ಉತ್ತರ ಕೊಡಲಿಲ್ಲ. ಆದರೆ ಎರಡು ಕ್ಯಾನಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಷೇರು ಅರ್ಜಿಗೆ ಜನ ಸಾಲಾಗಿ ಬಂದರು. ಆ ಗೆಳೆಯರ ಸರದಿ ಬಂದಾಗ ಬರೆಯುತ್ತಿದ್ದವರು ಕೇಳದೆಯೇ ಮಸಿ ಡಬ್ಬಿ ಮುಂದಕ್ಕೆ ತಳ್ಳಿದರು. ಅವರು ಹೆಬ್ಬೆಟ್ಟು ಹಾಕಲಿಲ್ಲ. ಪೆನ್ನು ಕೇಳಿ ತಗೊಂಡು ಹೆಸರು ಬರೆದರು. ಅಕ್ಷರ ದೊಡ್ಡದು, ಮರಳ ಮೇಲೆ ಬರೆದ ಹಾಗೆ. ನಮ್ಮ ಕಡೆ ಒಂದು ಸಲ ನೋಡಿದರು.

ಎಲ್ಲ ಅಂದೇ ಸರಿಹೋಯಿತು ಎಂದಲ್ಲ. ಮೊದಲ ದಿನ ಕೆಲವು ಮನೆಗಳಿಂದ ಹಾಲು ಬರಲಿಲ್ಲ. ಎರಡು ಮೂರು ತಿಂಗಳು ಬರಲೇ ಇಲ್ಲ. ಸಾಲಿನಲ್ಲಿ ಅವರು ಮುಂದೆ, ನಾವು ಹಿಂದೆ ನಿಂತೆವು. ಕಾಯಿದೆಗಳು ಮಾಡಲಾಗದ್ದನ್ನು ಒಂದು ಸಾಲು ಮಾಡಿತು ಎಂದು ಈಗ ಅನ್ನಿಸುತ್ತದೆ, ಆ ದಿನ ಮಾತ್ರ ನಮಗೆ ಮುಜುಗರವೇ ಆಗಿತ್ತು. ಅವರದ್ದು ಎಮ್ಮೆ ಹಾಲು, ನಮ್ಮದು ಸೀಮೆಹಸುವಿನದು. ಪರೀಕ್ಷೆ ಮಾಡಿದಾಗ ಅವರ ಹಾಲಿನ ಜಿಡ್ಡು ನಮ್ಮದಕ್ಕಿಂತ ಹೆಚ್ಚು ಬಂತು, ರೇಟೂ ಹೆಚ್ಚು ಸಿಕ್ಕಿತು. ಎಮ್ಮೆ ಹಾಲಿನಲ್ಲಿ ಜಿಡ್ಡು ಜಾಸ್ತಿ ಇರುವುದು ಸಹಜ. ಆದರೆ ಅವರು ಹೇಳಿದ್ದು ಬೇರೆ: "ನೋಡ್ರಯ್ಯ, ಮಿಷನ್ನಿಗೆ ಯಾವ ಜಾತಿ ಅಂತ ಗೊತ್ತಾಗ್ಲಿಲ್ಲ." ಆ ದಿನ ಸಾಲಿನಲ್ಲಿ ಎಲ್ಲರೂ ನಕ್ಕರು, ನಾವೂ ನಕ್ಕೆವು. ಮೊದಲ ಬಟವಾಡೆ ಆದ ಮೇಲೆ ಹಾಲು ತರದಿದ್ದ ಮನೆಗಳೂ ಒಂದೊಂದಾಗಿ ಬಂದವು. ದುಡ್ಡು ಎಲ್ಲರನ್ನೂ ತಂದಿತು ಎಂದರೆ ತಪ್ಪಿಲ್ಲ. ಯಾವ ದಾರಿಯಲ್ಲಿ ಬಂದರೂ ಬಂದರಲ್ಲ.

ಆ ದೊಡ್ಡವ್ವ ಈಗಿಲ್ಲ. ಗೆಳೆಯರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. "ಮೈಕಲ್ಲಿ ನನ್ನ ಹೆಸರು ಹೇಳಬ್ಯಾಡ" ಎಂದು ಬೆಳಿಗ್ಗೆಯೇ ಎಚ್ಚರಿಸಿದ್ದಾರೆ, ಅದಕ್ಕೇ ಹೇಳಲಿಲ್ಲ. ಗಮನಿಸಿದಿರಾ, ಈಗ ಅವರು ನಮ್ಮನ್ನು ಏಕವಚನದಲ್ಲೇ ಕರೆಯುತ್ತಾರೆ. ಅರವತ್ತು ವರ್ಷದ ಸ್ನೇಹಕ್ಕೆ ಅದು ತಡವಾಗಿ ಸಿಕ್ಕ ಬೋನಸ್ಸು.

ಕೊನೆಯ ಎರಡು ಮಾತು

ಸಭಿಕರೇ, ಕಡೆಗೋಲಿನ ಸದ್ದು, ಕಣದ ರಾಶಿ, ಸೋರೆ ಬುರುಡೆಯ ಈಜು, ಬೆಳದಿಂಗಳಲ್ಲಿ ಕೋಲಾಟ, ಮುಯ್ಯಾಳಿನ ಹೊಲದಲ್ಲಿ ಸೊಗಡವರೆ ಸಾರಿನ ಮುದ್ದೆ, ಇವೆಲ್ಲ ನಮಗೆ ಬೇಕು. ನೆನೆದರೆ ಗಂಟಲು ಕಟ್ಟುತ್ತದೆ. ಆದರೆ ಆ ಕಾಲ ವಾಪಸು ಬೇಕಾ ಎಂದು ಕೇಳಿದರೆ, ಮೊದಲು ಮೂರನೇ ಸಾಲಿನವರನ್ನು ಕೇಳಿ ಎನ್ನುತ್ತೇವೆ. ಮುಯ್ಯಾಳು ಬೇಕು, ಜೀತ ಬೇಡ. ಬೆಲೆ ಇಲ್ಲದೆ ಕೊಡುವ ಮಜ್ಜಿಗೆ ಬೇಕು, ಎತ್ತಿ ಹೊಯ್ಯುವುದು ಬೇಡ. ಈ ಆಯ್ಕೆ ಮಾಡುವ ಶಕ್ತಿ ನಮಗೆ ಸಂಘದಿಂದ ಬಂತು.

ಬೆಳ್ಳಿಹಬ್ಬದ ನೆನಪಿಗೆ ಎರಡು ಕೋರಿಕೆ ಇಡುತ್ತೇವೆ. ಮೊದಲನೆಯದು, ಹೆಣ್ಣುಮಕ್ಕಳದು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸಗಣಿ ಬಾಚುವವಳು ಅವಳು, ಹುಲ್ಲು ಕೊಯ್ದು ತರುವವಳು ಅವಳು, ಕರೆಯುವವಳು ಅವಳು. ಸಂಘದ ಪುಸ್ತಕದಲ್ಲಿ ಹೆಸರು ಮಾತ್ರ ಗಂಡನದು, ಬ್ಯಾಂಕಿನ ಖಾತೆಯೂ ಗಂಡನದು. ಕ್ಯಾನು ಒಂದೇ ಮಾಡಿಸಿದವಳು ಒಬ್ಬ ಹೆಂಗಸು. ಆ ದೊಡ್ಡವ್ವನಿಗೇ ಸಂಘದಲ್ಲಿ ಸದಸ್ಯತ್ವ ಇರಲಿಲ್ಲ, ಷೇರು ಮಗನ ಹೆಸರಲ್ಲಿತ್ತು. ಈ ವರ್ಷದಿಂದ ಯಾರ ಮನೆಯಲ್ಲಿ ಹೆಂಗಸು ಹಸು ಸಾಕುತ್ತಾಳೋ ಆ ಮನೆಯ ಸದಸ್ಯತ್ವ ಅವಳ ಹೆಸರಿಗೆ ಆಗಲಿ. ನಮ್ಮ ಮನೆಯ ಅರ್ಜಿಯನ್ನು ಇವತ್ತೇ ಅಧ್ಯಕ್ಷರ ಕೈಗೆ ಕೊಡುತ್ತಿದ್ದೇವೆ. ಬೇರೆಯವರಿಗೆ ಹೇಳುವ ಮೊದಲು ನಾವು ಮಾಡಬೇಕು. ಹಿಂದೊಮ್ಮೆ ಸುಮ್ಮನೆ ಕೂತ ತಪ್ಪನ್ನು ಎರಡನೇ ಸಲ ಮಾಡುವ ಮನಸ್ಸಿಲ್ಲ.

ಎರಡನೆಯದು ಸಣ್ಣದು. ನಮ್ಮ ಮನೆಯ ಅಟ್ಟದ ಮೇಲೆ ಹಳೇ ಸೇರು, ಪಾವು, ಕೊಳಗ ಇವೆ. ಆ ಹಗೇವಿಗೆ ಇಳಿಬಿಟ್ಟ ಲಾಟೀನೂ ಇದೆ, ಗಾಜು ಒಡೆದಿದೆ. ಅವನ್ನು ಸಂಘದ ಕಚೇರಿಯ ಕಪಾಟಿನಲ್ಲಿ ಇಟ್ಟುಕೊಳ್ಳಿ. ಹಾಲು ಹಾಕಲು ಬಂದ ಮಕ್ಕಳು ಇದೇನು ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸಿಹಿಯನ್ನೂ ಹೇಳಿ, ಕಹಿಯನ್ನೂ ಹೇಳಿ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಕಾಲದಲ್ಲಿ ಕೆಲವರ ಕೈ ಕೆಸರಾಗುತ್ತಿತ್ತು, ಬೇರೆ ಕೆಲವರ ಬಾಯಿಗೆ ಮೊಸರು ಬೀಳುತ್ತಿತ್ತು. ಕೆಸರಾದ ಕೈಯವರಿಗೇ ಮೊಸರು ಸಿಗುವಂತೆ ಮಾಡುವುದು ಸಂಘದ ಕೆಲಸ. ಇಪ್ಪತ್ತೈದು ವರ್ಷ ಸುಮಾರಾಗಿ ಮಾಡಿದ್ದೀರಿ. ಮುಂದಿನ ಇಪ್ಪತ್ತೈದು ಇನ್ನೂ ಚೆನ್ನಾಗಿ ಮಾಡಿ. ಚಿನ್ನದ ಹಬ್ಬಕ್ಕೆ ಭಾಷಣ ಮಾಡಲು ಮುಂದೆ ಕೂತಿರುವ ಈ ಮಕ್ಕಳಲ್ಲಿ ಯಾರಾದರೂ ಬರಲಿ, ಹೆಣ್ಣುಮಗುವೇ ಬರಲಿ.

ಊಟದ ವಾಸನೆ ಇಲ್ಲಿಗೇ ಬರುತ್ತಿದೆ, ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡು ಹೋಗಬೇಕು.

ಜೈ ಹಿಂದ್, ಜೈ ಕರ್ನಾಟಕ.